ಇಪ್ಪತ್ತು ಹಳ್ಳಿ ಬೇಡ, ಐದು ಮನೆ ಸಾಕು

ಪ್ರೀತಿಯ ಮಗಳಿಗೆ,

ಯೇಸು ಸ್ವಾಮಿಯ ನಾಮದಲ್ಲಿ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಈ ವರ್ಷದ ಸುವಾರ್ತಾ ಸೇವೆಯನ್ನು ಸಭೆಯವರು ಯೌವನಸ್ಥರ ಸಂಘಕ್ಕೆ ವಹಿಸಿದ್ದಾರೆ, ನಿನ್ನನ್ನೇ ಕಾರ್ಯದರ್ಶಿ ಮಾಡಿದ್ದಾರೆ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಐದು ಸಾವಿರ ಕರಪತ್ರ ಅಚ್ಚು ಹಾಕಿಸಿ, ಟೆಂಪೋ ಮಾಡಿಕೊಂಡು ಹೊಸನಗರದ ಕಡೆ ಎರಡು ಭಾನುವಾರದಲ್ಲಿ ಇಪ್ಪತ್ತು ಹಳ್ಳಿ ಮುಗಿಸುವ ಯೋಚನೆಯಂತೆ. ನಿಮ್ಮ ಹುರುಪು ಕಂಡು ಸಂತೋಷವಾಯಿತು. ಆದರೆ ಆ ಲೆಕ್ಕ ಬಿಡು, ಮಗಳೇ. ಐದು ಮನೆ ಹಿಡಿ. ಆ ಐದಕ್ಕೇ ವರ್ಷವಿಡೀ ಹೋಗಿ ಬಾ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದು ನೋಡು. ಸ್ವಾಮಿ ಶಿಷ್ಯರನ್ನು ಕಳಿಸಿದ್ದು ಇಬ್ಬಿಬ್ಬರನ್ನಾಗಿ. ಹೊಕ್ಕ ಮನೆಯಲ್ಲೇ ಇರಿ, ಮನೆಯಿಂದ ಮನೆಗೆ ತಿರುಗಬೇಡಿ, ಮುಂದೆ ಇಟ್ಟದ್ದನ್ನು ಉಣ್ಣಿ ಎಂಬುದು ಅಪ್ಪಣೆ. ನಮ್ಮ ಮಲೆನಾಡಿಗೆ ಇದು ಅಕ್ಷರಶಃ ಹೊಂದುತ್ತದೆ. ಇಲ್ಲಿ ತೋಟದ ನಡುವೆ ಒಂಟಿ ಮನೆಗಳು. ಹತ್ತು ಜನ ಒಟ್ಟಿಗೆ ಅಂಗಳಕ್ಕೆ ಇಳಿದರೆ ಮನೆಯವರು ಹೆದರುತ್ತಾರೆ, ಪಕ್ಕದ ಊರಿಗೆ ಫೋನು ಹೋಗುತ್ತದೆ. ಇಬ್ಬರೇ ಹೋಗಿ, ಅದರಲ್ಲಿ ಒಬ್ಬಳಾದರೂ ಹೆಂಗಸು ಇರಲಿ. ಹಗಲು ಮನೆಯಲ್ಲಿ ಹೆಚ್ಚಾಗಿ ಹೆಂಗಸರೇ ಇರುವುದು. ಬೇಲಿಯ ದಾಟಿನ ಉಣುಗೋಲಿನ ಹತ್ತಿರ ನಿಂತು ಕೂಗಿ, ಕರೆದ ಮೇಲೆ ಒಳಗೆ ಬನ್ನಿ, ಕೂರಿ ಎಂದ ಮೇಲೆ ಜಗಲಿಯಲ್ಲಿ ಕೂರಿ. ಬೆಲ್ಲ ನೀರು ಕೊಟ್ಟರೆ ಬೇಡ ಅನ್ನಬೇಡಿ. ಅದನ್ನು ಬೇಡ ಅಂದವರ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಕೇಳುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೋಗಬೇಡ. ಅಡಿಕೆ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಅಂತೂ ಬೇಡವೇ ಬೇಡ. ಆದರೆ ಅದೇ ಕೊಯ್ಲಿನ ಕಾಲದ ಮಧ್ಯಾಹ್ನ ಬಂಗಾರದಂಥದ್ದು. ಕೊಯ್ದ ಹಸಿ ಅಡಿಕೆಯನ್ನು ದಿನಗಟ್ಟಲೆ ರಾಶಿ ಹಾಕಿ ಇಡುವ ಹಾಗಿಲ್ಲ, ಸುಲಿದು ಬೇಯಿಸಿ ಒಣಗಿಸಬೇಕು. ಯಂತ್ರ ಬಾರದ ಮನೆಗಳಲ್ಲಿ ಇನ್ನೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಾರೆ. ಅವರಿಗೆ ಕೂಲಿ ಸುಲಿದ ಅಳತೆಯ ಮೇಲೆ. ನಿನ್ನ ಮಾತಿಗೆ ಅವರ ಕೈ ನಿಂತರೆ ಅವರ ದುಡ್ಡು ಹೋಯಿತು. ಆದ್ದರಿಂದ ನೀನೂ ಒಂದು ಮೆಟ್ಟುಗತ್ತಿ ಕೇಳಿ ತಗೊಂಡು ಕೂರು, ಸುಲಿದದ್ದನ್ನು ಪಕ್ಕದವಳ ಬುಟ್ಟಿಗೆ ಹಾಕು. ಮೊದಲ ಮೂರು ಸಲ ಬರೀ ಅವರ ಮಾತಿಗೆ ಕಿವಿ ಕೊಡು. ಮಗನ ಪರೀಕ್ಷೆ, ಎಮ್ಮೆ ಕರು ಹಾಕುವ ತಿಂಗಳು, ಅತ್ತೆಯ ಮಂಡಿನೋವು, ಎಲ್ಲವನ್ನೂ ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುಂದಿನ ಸಲ ಅದನ್ನೇ ಮೊದಲು ವಿಚಾರಿಸು. ಪ್ರಾರ್ಥನೆಯಲ್ಲೂ ಅದನ್ನೇ ಹೆಸರು ಹಿಡಿದು ಬೇಡು.

ಇನ್ನು ಭಾಷೆ. ಕೆಡುವುದು ಹೆಚ್ಚಾಗಿ ಇಲ್ಲೇ. ನಮ್ಮ ಆರಾಧನೆಯ ಮಾತು ಹೊರಗೆ ಬೇರೆಯೇ ಕೇಳಿಸುತ್ತದೆ. 'ಪಾಪ' ಅಂದರೆ ಊರವರಿಗೆ ಕನಿಕರದ ಮಾತು, 'ಪಾಪಿ' ಅಂದರೆ ಬೈಗುಳ. 'ರಕ್ಷಣೆ ಹೊಂದಿರಿ' ಅಂದರೆ 'ಯಾರಿಂದ?' ಅಂತ ಕೇಳುತ್ತಾರೆ. 'ಕುರಿಮರಿಯ ರಕ್ತ' ಅಂದರೆ ಮಾರಿಹಬ್ಬ ನೋಡಿದವರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಲೂಕನ 15ನೇ ಅಧ್ಯಾಯದಿಂದ ಶುರು ಮಾಡು. ಬೆಟ್ಟಕ್ಕೆ ಬಿಟ್ಟ ದನ ಸಂಜೆ ಕೊಟ್ಟಿಗೆಗೆ ಬಾರದಿದ್ದರೆ ಉಳಿದವನ್ನು ಕಟ್ಟಿ ಬ್ಯಾಟರಿ ಹಿಡಿದು ಹುಡುಕಲು ಹೋಗುವವರು ಅವರು. ನೂರರಲ್ಲಿ ಒಂದು ಕುರಿಗಾಗಿ ಹೊರಟ ಕುರುಬನ ಕಥೆಯನ್ನು ಅವರಿಗೆ ವಿವರಿಸಬೇಕಾಗಿಲ್ಲ. ದೇವರು ಹಾಗೆ ಹುಡುಕುತ್ತಾ ಬರುತ್ತಾನೆ ಎಂದಷ್ಟೇ ಹೇಳಿ ಸುಮ್ಮನಿರು. ಬಾಸೆಲ್ ಮಿಷನ್‌ನ ಜರ್ಮನ್ ಪಾದ್ರಿ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಲ್ಲಿ ಊರ ವರ್ತಮಾನ ಹಾಕಿದರು, 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಅದೇ ಮಿಷನ್‌ನ ಕಿಟ್ಟೆಲರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಈ ನೆಲದ ಮಾತಿಗೆ ಅವರು ಅಷ್ಟು ವರ್ಷ ಕಿವಿ ಕೊಟ್ಟರು. ನೀವು ಹೋಗುವ ಮನೆಯವರ ದೇವರ ಬಗ್ಗೆ ಒಂದು ಹಗುರ ಮಾತೂ ನಿಮ್ಮ ತಂಡದವರ ಬಾಯಿಂದ ಬರಕೂಡದು. ಬಂದರೆ ಹಾಗೆ ಆಡಿದವರನ್ನು ಮುಂದಿನ ಸಲ ಮನೆಯಲ್ಲೇ ಬಿಟ್ಟು ಹೋಗು, ದಾಕ್ಷಿಣ್ಯ ಬೇಡ.

ಕರಪತ್ರ ಐದು ಸಾವಿರ ಬೇಡ. ಕೇಳದವರ ಕೈಗೆ ಕೊಟ್ಟದ್ದು ಬಸ್‌ಸ್ಟ್ಯಾಂಡ್ ಚರಂಡಿ ಸೇರುತ್ತದೆ, ದೇವರ ವಾಕ್ಯ ಕಾಲಡಿಗೆ ಬೀಳುತ್ತದೆ. ಲೂಕನ ಸುವಾರ್ತೆಯ ಸಣ್ಣ ಪುಸ್ತಕ ಐವತ್ತು ತರಿಸು, ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಕೊಡು.

ಸಹಾಯವನ್ನೂ ಸುವಾರ್ತೆಯನ್ನೂ ಒಂದೇ ಚೀಲಕ್ಕೆ ಹಾಕಬೇಡ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗೆ ಬಂದವರಿಗೆ ಗಂಜಿ ಕೊಡಬೇಕೆಂದಿದ್ದರೆ ಮೊದಲು ಆಸ್ಪತ್ರೆಯವರ ಅನುಮತಿ ತಗೋ. ಎರಡು ಕಿಲೋ ಅಕ್ಕಿಯ ಗಂಜಿ ಇಪ್ಪತ್ತೈದು ಜನಕ್ಕೆ ಸಾಕು, ಜೊತೆಗೆ ಉಪ್ಪಿನಕಾಯಿ. ಲೋಟದ ಜೊತೆ ಕರಪತ್ರ ಬೇಡ, ಫೋಟೋ ಬೇಡ, ವಾಟ್ಸಾಪ್ ಸ್ಟೇಟಸ್ ಅಂತೂ ಖಂಡಿತ ಬೇಡ. ಹಸಿದವರು, ಹಾಸಿಗೆ ಹಿಡಿದವರು ನಿನಗೆ ಇಲ್ಲ ಅನ್ನಲಾರರು. ಇಲ್ಲ ಅನ್ನಲಾಗದವರು ಹೂಂ ಅಂದರೆ ಅದು ನಂಬಿಕೆ ಅಲ್ಲ. ಬೇಸಿಗೆಯಲ್ಲಿ ಕಾಡಂಚಿನ ಮನೆಯಲ್ಲಿ ಜ್ವರ ಕಂಡರೆ ಪ್ರಾರ್ಥನೆ ಮಾಡು, ಆದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸು. ಅದು ಮಂಗನ ಕಾಯಿಲೆಯೂ ಇರಬಹುದು. ಅದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಮಾತ್ರೆ ಬಿಡಿ ಎಂದು ಯಾರಿಗೂ ಹೇಳುವ ಅಧಿಕಾರ ನಮಗಿಲ್ಲ.

ಕಾನೂನೂ ತಿಳಿದಿರಲಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ನೌಕರಿ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವೆಲ್ಲ ಆಮಿಷದ ಪಟ್ಟಿಯಲ್ಲಿವೆ. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು ಅಂತ ಕೇಳಿ ನಿಶ್ಚಿಂತೆಯಾಗಿ ಇರಬೇಡ, ಸಂಪುಟದ ತೀರ್ಮಾನ ಒಂದರಿಂದಲೇ ಕಾಯ್ದೆ ಹೋಗುವುದಿಲ್ಲ. ಯಾರಾದರೂ ದೀಕ್ಷಾಸ್ನಾನ ಕೇಳಿದರೆ ಸಭೆಯ ಪಾದ್ರಿ ಅಯ್ಯನವರಿಗೆ ತಿಳಿಸಿ, ವಕೀಲರನ್ನು ಕಂಡೇ ಮುಂದುವರಿಯಿರಿ. ತಂದೆ ತಾಯಿ ಇಲ್ಲದ ಹೊತ್ತಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಾಡು, ಕಥೆ ಬೇಡ.

ಆ ಐದು ಮನೆಯವರಲ್ಲಿ ಯಾರಾದರೂ ತಾವಾಗಿಯೇ 'ನಿಮ್ಮ ಚರ್ಚು ನೋಡಬೇಕು' ಅಂದರೆ ನಿಮ್ಮ ಸಭೆಯನ್ನು ಮೊದಲು ಅಣಿ ಮಾಡು. ಬಾಗಿಲಲ್ಲಿ ನೀನೇ ನಿಂತಿರು. ಚಪ್ಪಲಿ ಎಲ್ಲಿ ಬಿಡುವುದು, ಯಾವಾಗ ಏಳುವುದು ಅವರಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲೇ ಕೂತು ಕೀರ್ತನೆಯ ನಂಬರು ತೆಗೆದುಕೊಡು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರವಾಗಿದ್ದರೆ ಅದು ಪ್ರಸಾದವಲ್ಲ, ದೀಕ್ಷೆ ಪಡೆದವರು ಮಾತ್ರ ತಗೊಳ್ಳುತ್ತಾರೆ ಅಂತ ಹಿಂದಿನ ದಿನವೇ ಹೇಳು. ಅಲ್ಲಿ ಹೇಳಿದರೆ ಎಲ್ಲರೆದುರು ಮುಖ ಚಿಕ್ಕದಾಗುತ್ತದೆ. ಕಾಣಿಕೆ ಚೀಲ ಅವರ ಮುಂದೆ ನಿಲ್ಲದೆ ದಾಟಲಿ. ಅವರ ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಅಯ್ಯನವರಿಗೂ ಹೇಳಿಡು. ಪ್ರಸಂಗ ಆ ಹೊತ್ತಿಗೆ ಮೊದಲೇ ಮುಗಿಯಬೇಕು, ಒಂದು ಲೋಟ ಕಾಫಿಗೂ ಸಮಯ ಇರಬೇಕು.

ನಿನ್ನ ದೊಡ್ಡಮ್ಮ