ಚಿಕ್ಕಮ್ಮನಿಗೆ, ಮತ್ತು ಉಳಿದೆಲ್ಲರಿಗೂ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಸಿಪಿಯು (ಕಂಪ್ಯೂಟರಿನ ಮುಖ್ಯ ಸಂಸ್ಕಾರಕ), ಜಿಪಿಯು (ಒಂದೇ ಬಗೆಯ ಅಸಂಖ್ಯ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡುವ ಸಂಸ್ಕಾರಕ) ಎರಡೂ ಇರುವ ಯಂತ್ರದಲ್ಲಿ ಪ್ರೋಗ್ರಾಮಿನ ಯಾವ ಭಾಗ ಎಲ್ಲಿ ಓಡಬೇಕೆಂಬುದನ್ನು ಕಂಪೈಲರೇ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ತೀರ್ಮಾನಿಸುವಂತೆ ಮಾಡುವ ಈ ಕೆಲಸ ಹಲವು ವರ್ಷ ಹಿಡಿಯಿತು. ಮಾರ್ಗದರ್ಶಕರಿಗೆ, ಶಿವಮೊಗ್ಗದ ಲ್ಯಾಬಿನ ಗೆಳೆಯರಿಗೆ, 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ, ಕಂಪೈಲರುಗಳನ್ನು ಕಟ್ಟಲು ನೆರವಾಗುವ ಎಲ್‌ಎಲ್‌ವಿಎಮ್ ತಂತ್ರಾಂಶವನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟವರಿಗೆ ಮನಸಾರೆ ಕೃತಜ್ಞತೆಗಳು. ಪ್ರಬಂಧದಲ್ಲಿ ಚಿಕ್ಕಮ್ಮನಿಗೆ ಒಂದೇ ಸಾಲು ಸಿಕ್ಕಿತು; ಅದು ಸಾಲದೆಂದೇ ಇದನ್ನು ಬರೆಯುತ್ತಿದ್ದೇನೆ.

ಜುಲೈ ತಿಂಗಳ ಒಂದು ರಾತ್ರಿ ತೀರ್ಥಹಳ್ಳಿಯ ಮನೆಯಲ್ಲಿ ಕರೆಂಟು ಹೋಗಿ ಎರಡು ದಿನವಾಗಿತ್ತು, ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ನೆರೆಮನೆಯ ಜನರೇಟರಿನಲ್ಲಿ ಲ್ಯಾಪ್‌ಟಾಪ್ ಚಾರ್ಜು ಮಾಡಿಸಿ, ಗೊಬ್ಬರದ ಚೀಲದಲ್ಲಿ ಸುತ್ತಿ, ಸುರಿಯುವ ಮಳೆಯಲ್ಲೇ ತಂದುಕೊಟ್ಟವರು ಚಿಕ್ಕಮ್ಮ. ನನ್ನ ಪ್ರೋಗ್ರಾಮು ಸಿಪಿಯುವಿನಲ್ಲಿ ಪ್ರತಿಸಲವೂ ಸರಿಯುತ್ತರ ಕೊಡುತ್ತಿತ್ತು. ಜಿಪಿಯುವಿನಲ್ಲಿ ಒಮ್ಮೆ ತಪ್ಪುತ್ತರ, ಒಮ್ಮೆ ಉತ್ತರವೇ ಇಲ್ಲದೆ ಸ್ತಬ್ಧ. ಮೂರು ವಾರದಿಂದ ಇದೇ ಪಾಡು. ಇನ್ನು ನನ್ನಿಂದಾಗದು, ಬೆಳಿಗ್ಗೆ ಮಾರ್ಗದರ್ಶಕರಿಗೆ ಬರೆದು ಬಿಟ್ಟುಬಿಡುತ್ತೇನೆಂದು ಅತ್ತುಬಿಟ್ಟೆ. ಚಿಕ್ಕಮ್ಮ ಸಮಾಧಾನ ಹೇಳಲಿಲ್ಲ. ಕಷಾಯದ ಲೋಟ ಕೈಗಿಟ್ಟು, ಕಂಬಳಿ ಹೊದ್ದು ಎದುರಿಗೆ ಕೂತು, "ಅದೇನು ಅಂತ ನಂಗೂ ಹೇಳು" ಎಂದರು.

ಅಡಿಕೆ ಸುಲಿಯಲು ಕೂತವರ ಸಾಲಿನಂತೆ ಎಷ್ಟೋ ಜಿಪಿಯುಗಳಲ್ಲಿ ಥ್ರೆಡ್‌ಗಳು (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) 32ರ ಗುಂಪಾಗಿ ಹೆಜ್ಜೆ ಹಾಕುತ್ತವೆ, ಬ್ಯಾರಿಯರ್ ಎಂಬ ಜಾಗದಲ್ಲಿ ಒಬ್ಬರಿಗಾಗಿ ಒಬ್ಬರು ಕಾಯಬೇಕು, ಎಲ್ಲರೂ ಬಂದ ಮೇಲೆಯೇ ಮುಂದೆ ಎಂದು ಹೇಳಿದೆ. ಅವರು ಚಿಮಣಿಯ ಬತ್ತಿ ಏರಿಸುತ್ತ, "ಅಲ್ಲ ಕೂಸೇ, ಒಬ್ಬಳು ಬೇರೆ ದಾರಿ ಹಿಡಿದು ಹೋದ್ರೆ ಉಳಿದೋರು ಎಷ್ಟೊತ್ತು ಅಂತ ಕಾಯ್ತಾರೆ?" ಎಂದು ಕೇಳಿದರು.

ಲೋಟ ಕೆಳಗಿಟ್ಟೆ. ಎಲ್‌ಎಲ್‌ವಿಎಮ್‌ನಲ್ಲಿ ಇಂಥ ಬ್ಯಾರಿಯರ್‌ಗಳಿಗೆ ಕನ್ವರ್ಜೆಂಟ್ ಎಂಬ ಗುರುತಿರುತ್ತದೆ. ಇದನ್ನು ಹೊಸದೊಂದು ಷರತ್ತಿನೊಳಗೆ ಸರಿಸಬೇಡ ಎಂದು ಆಪ್ಟಿಮೈಜರಿಗೆ (ಪ್ರೋಗ್ರಾಮನ್ನು ಚುರುಕುಗೊಳಿಸುವ ಕಂಪೈಲರಿನ ಭಾಗ) ಹೇಳುವುದೇ ಅದರ ಕೆಲಸ. ನಾನು ಬರೆದಿದ್ದ ಪಾಸ್ (ಪ್ರೋಗ್ರಾಮನ್ನು ಓದಿ ಬದಲಿಸುವ ಕಂಪೈಲರಿನ ಒಂದು ಹಂತ), ಪ್ರೋಗ್ರಾಮಿನ ತುಣುಕಾದ ಫಂಕ್ಷನ್ನನ್ನು ನಕಲು ಮಾಡುವಾಗ ಆ ಗುರುತನ್ನು ಉದುರಿಸಿಬಿಟ್ಟಿತ್ತು. ಹಾಗಾಗಿ ಮುಂದಿನ ಪಾಸ್ ಬ್ಯಾರಿಯರನ್ನು ಸಾಮಾನ್ಯ ಫಂಕ್ಷನ್ ಕರೆಯೆಂದೇ ತಿಳಿದು ಷರತ್ತಿನ ಕವಲಿನ ಎರಡೂ ಬದಿಗೆ ಹಂಚಿತ್ತು, ಥ್ರೆಡ್‌ಗಳು ಬೇರೆ ಬೇರೆ ಕಡೆ ನಿಂತು ಬಾರದವರಿಗಾಗಿ ಕಾಯುತ್ತಿದ್ದವು. ತಿದ್ದಿದ್ದು ಎರಡೇ ಸಾಲು (ಮೂರು ವಾರಕ್ಕೆ ಎರಡು ಸಾಲು ಎಂದು ಈಗ ನಗು ಬರುತ್ತದೆ). ಲ್ಯಾಬಿನ ಸರ್ವರಿನಲ್ಲಿ ಇನ್ನೂರು ಸಲ ಓಡಿಸಿ ಉತ್ತರಗಳು ತಾಳೆಯಾಗುವಷ್ಟರಲ್ಲಿ ಬೆಳಕು ಹರಿದಿತ್ತು, ಅವರು ಮಲಗಿರಲಿಲ್ಲ.

ಈ ಭಾನುವಾರ ಬೈಂಡು ಮಾಡಿಸಿದ ಪ್ರತಿಯೊಂದನ್ನು ತೀರ್ಥಹಳ್ಳಿಗೆ ಒಯ್ಯುತ್ತಿದ್ದೇನೆ. ಆ ಬ್ಯಾರಿಯರಿನ ಚಿತ್ರವಿರುವ ಪುಟಕ್ಕೆ ದಾರವೊಂದನ್ನು ಇಟ್ಟಿದ್ದೇನೆ, ಚಿಕ್ಕಮ್ಮ ಹುಡುಕಬೇಕಾಗದಿರಲಿ ಎಂದು.