ಪ್ರಾರ್ಥಿಸಿ, ಆದರೆ ಮಾತ್ರೆ ಬಿಡಿಸಬೇಡಿ

ಮಾನ್ಯರೇ,

ಮನೆಯಲ್ಲಿ ಯಾರಿಗಾದರೂ ಖಿನ್ನತೆಯೋ ಸ್ಕಿಜೋಫ್ರೇನಿಯಾವೋ ಕಾಣಿಸಿಕೊಂಡಾಗ ಅನೇಕ ಕ್ರೈಸ್ತ ಕುಟುಂಬಗಳು ಆಸ್ಪತ್ರೆಗೂ ಮೊದಲು ಧರ್ಮಗುರುಗಳ ಅಥವಾ ಸಭಾಪಾಲಕರ ಬಳಿಗೆ ಹೋಗುತ್ತವೆ. ಅದು ಸಹಜ, ಒಳ್ಳೆಯದೂ ಹೌದು. ಆದರೆ ಕೆಲವು ಉಪವಾಸ ಪ್ರಾರ್ಥನೆಗಳಲ್ಲಿ ‘ವಿಶ್ವಾಸವಿದ್ದರೆ ಮಾತ್ರೆ ಏಕೆ’ ಎಂಬ ಮಾತು ಕೇಳಿಬರುತ್ತಿದ್ದು, ಅದನ್ನು ನಂಬಿ ಔಷಧವನ್ನು ಒಮ್ಮೆಲೇ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವ ಅಪಾಯವಿದೆ. ಹಾಗೆ ಮರುಕಳಿಸಿದಾಗ ರೋಗಿಯ ವಿಶ್ವಾಸವೇ ಸಾಲದಾಯಿತು ಎನ್ನುವುದು ಕ್ರೂರವಾದ ಮಾತು.

ಬೈಬಲ್ ಈ ನೋವನ್ನು ಹೀಗೆ ಕಂಡಿಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ನಿದ್ದೆಹೋಗಿದ್ದವನನ್ನು ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ತೋರಿಸಿದನು, ಅವನು ಮತ್ತೆ ಮಲಗಿದಾಗ ಎರಡನೆಯ ಸಲವೂ ಎಬ್ಬಿಸಿ ಉಣ್ಣೆಂದನು. 88ನೇ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಜಾನ್ಸ್‌ನಂತಹ ಆಸ್ಪತ್ರೆಗಳನ್ನು ಕಟ್ಟಿ, ಅಲ್ಲಿ ಮನೋವೈದ್ಯಕೀಯ ವಿಭಾಗಗಳನ್ನು ನಡೆಸುತ್ತಿರುವ ಸಮುದಾಯದಲ್ಲಿ ಔಷಧವನ್ನು ಅವಿಶ್ವಾಸವೆಂದು ಬೋಧಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸುವ ನಿಯಮ 1917ರ ಕಥೋಲಿಕ ಧರ್ಮಸಂಹಿತೆಯಲ್ಲಿತ್ತು. 1983ರ ಸಂಹಿತೆ ಅದನ್ನು ಕೈಬಿಟ್ಟಿತು. ಆದರೂ ಅಂತಹ ಮನೆಗಳ ಬಗ್ಗೆ ಪಿಸುಮಾತು ನಿಂತಿಲ್ಲ, ಆ ಭಯಕ್ಕೇ ಎಷ್ಟೋ ಜನ ಕಾಯಿಲೆಯನ್ನು ಬಚ್ಚಿಡುತ್ತಾರೆ. ಖಿನ್ನತೆಯುಳ್ಳವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಪ್ರಾರ್ಥನಾಕೂಟದಲ್ಲಿ ರೋಗಿಯ ಹೆಸರು, ಕಾಯಿಲೆ ಎರಡನ್ನೂ ಎಲ್ಲರೆದುರು ಓದಿ ಹೇಳುವ ರೂಢಿಯೂ ಹೀಗೆ ಬಚ್ಚಿಡುವುದಕ್ಕೆ ಕಾರಣವಾಗಬಲ್ಲದು. ಪ್ರೀತಿಯಿಂದಲೇ ಮಾಡುತ್ತಾರೆ, ನಿಜ. ಆದರೂ ರೋಗಿಯ ಒಪ್ಪಿಗೆಯಿಲ್ಲದೆ ಹೆಸರು ಹೇಳಕೂಡದು.

ಭಾನುವಾರದ ಪ್ರಕಟಣೆಗಳ ಜೊತೆಗೆ, ಕನ್ನಡದಲ್ಲಿಯೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಓದಿ ಹೇಳುವುದು ಕಷ್ಟವಲ್ಲ. ಮಹಿಳಾ ಕೂಟದವರೋ ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪಾವ್ಲ್ ಸಭೆಯವರೋ ರೋಗಿಯ ಜೊತೆ ಆಸ್ಪತ್ರೆಗೆ ಹೋಗಿಬರಬಹುದು, ಬಸ್ ಖರ್ಚಿಗೆ ನೆರವಾಗಬಹುದು. ಧರ್ಮಗುರುಗಳಾಗಲು ಗುರುಮಠಗಳಲ್ಲಿ ಓದುವವರಿಗೆ ಮನೋವೈದ್ಯರಿಂದ ತರಬೇತಿ ಕೊಡಿಸಬೇಕು. ವೈದ್ಯರ ಸಲಹೆಯಿಲ್ಲದೆ ಔಷಧ ನಿಲ್ಲಿಸಲು ಯಾರೂ ಹೇಳಕೂಡದೆಂದು ಎಲ್ಲ ಧರ್ಮಪ್ರಾಂತ್ಯಗಳ ಬಿಷಪರೂ ಸಭೆಗಳ ಹಿರಿಯರೂ ಸ್ಪಷ್ಟವಾದ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಮಂಗಳೂರು