ಷ್ಟಾನ್ಯೆಲ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ವೆನಿಸ್ ಮುಗಿಸಿ ಎರಡು ದಿನ ಸ್ಲೊವೇನಿಯಾಗೆ ಹೋಗಬೇಕು, ಗುಡ್ಡದ ಮೇಲಿನ ಹಳ್ಳಿ ಆಗಬೇಕು, ಗದ್ದಲ ಇರಬಾರದು, ಅಮ್ಮನೂ ಜೊತೆಗಿರ್ತಾರೆ ಅಂತ ಬರೆದಿದ್ದೀಯ. ಕೇಳಿದವರೆಲ್ಲ ಬ್ಲೆಡ್ ಸರೋವರದ ಹೆಸರು ಹೇಳಿರ್ತಾರೆ. ಚೆಂದದ ಜಾಗವೇ, ಆದರೆ ಗದ್ದಲ ಬೇಡ ಅನ್ನುವವರಿಗಲ್ಲ. ನೀನು ಷ್ಟಾನ್ಯೆಲ್‌ಗೆ ಹೋಗು. ಇಟಲಿಯ ಟ್ರಿಯೆಸ್ತೆಯಿಂದ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರ್. ಕ್ರಾಸ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತ ಕಲ್ಲಿನ ಊರು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡ್ತೀನಿ. ಹೀಗೇ ಸುಮ್ಮನೆ ಹೋದರೆ ಊರು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತೆ. ಕೋಟೆ ಬಾಗಿಲು, ಚರ್ಚು, ನಾಲ್ಕು ಓಣಿ, ಒಂದು ಉದ್ಯಾನ, ಅಷ್ಟೇ. ಫೋಟೋ ತೆಗೆದುಕೊಂಡು ಕಾರು ಹತ್ತುವವರೇ ಹೆಚ್ಚು. ನೀರನ್ನು ಹಿಂಬಾಲಿಸಿ ನೋಡಿದರೆ ಮಾತ್ರ ಈ ಊರು ಅರ್ಥವಾಗುತ್ತೆ. ಅದನ್ನು ಆಮೇಲೆ ವಿವರವಾಗಿ ಬರೀತೀನಿ, ಮೊದಲು ಕಾಗದಪತ್ರದ ಕೆಲಸ.

ಸ್ಲೊವೇನಿಯಾ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದ್ದು, ಹಣ ಯೂರೋ. ಆದರೆ ವೀಸಾ ಅರ್ಜಿಯನ್ನು ನಿನಗಿಷ್ಟವಾದ ದೇಶಕ್ಕೆ ಹಾಕುವ ಹಾಗಿಲ್ಲ. ಹೆಚ್ಚು ದಿನ ಎಲ್ಲಿ ಉಳೀತೀಯೋ ಆ ದೇಶಕ್ಕೇ ಹಾಕಬೇಕು. ಇಟಲಿಯಲ್ಲಿ ಆರು ರಾತ್ರಿ, ಇಲ್ಲಿ ಎರಡು ಅಂದರೆ ಇಟಲಿಗೆ. ಸ್ಲೊವೇನಿಯಾದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡ. ಹೋಟೆಲ್ ಬುಕಿಂಗ್‌ಗೂ ಅರ್ಜಿಗೂ ತಾಳೆಯಾಗದಿದ್ದರೆ ಅರ್ಜಿ ಬೀಳುವುದು ಅಲ್ಲೇ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಹಾಕಬಹುದು, ಹೊರಡಲು ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗಲ್ಲ. ವಿಮೆ ಕನಿಷ್ಠ 30,000 ಯೂರೋದ್ದಿರಲಿ, ಅಮ್ಮನಿಗೆ ಬೇರೆಯೇ ಮಾಡಿಸು. ಗಡಿಯಲ್ಲಿ ಯಾರೂ ಕೇಳಲ್ಲ ಅನ್ನುವುದು ಹಳೇ ಮಾತು. 2023ರ ಅಕ್ಟೋಬರ್‌ನಲ್ಲಿ ಇಟಲಿ ತನ್ನ ಸ್ಲೊವೇನಿಯಾ ಗಡಿಯಲ್ಲಿ ತಪಾಸಣೆ ಮತ್ತೆ ಶುರುಮಾಡಿತು. ಪಾಸ್‌ಪೋರ್ಟ್ ಸೂಟ್‌ಕೇಸಿನ ತಳದಲ್ಲಿರಬಾರದು, ಕೈಗೆ ಸಿಗುವಂತಿರಲಿ.

ತಲುಪುವುದಕ್ಕೆ ಎರಡು ದಾರಿ. ರೈಲಿನಲ್ಲಾದರೆ ಗಡಿಯಾಚೆಯ ಸೆಜಾನಾದಲ್ಲಿ ನೋವಾ ಗೊರಿತ್ಸಾ ಕಡೆಯ ಪುಟ್ಟ ಗಾಡಿ ಹತ್ತಬೇಕು. ದುತೋವ್ಲ್ಯೆ ಆದಮೇಲೆ ಷ್ಟಾನ್ಯೆಲ್. 1906ರಲ್ಲಿ ಆಸ್ಟ್ರಿಯಾ ಚಕ್ರಾಧಿಪತ್ಯ ತನ್ನ ಒಳನಾಡನ್ನು ಟ್ರಿಯೆಸ್ತೆ ಬಂದರಿಗೆ ಜೋಡಿಸಲು ಹಾಕಿದ ಮಾರ್ಗ ಇದು. ಇದೇ ಮಾರ್ಗದಲ್ಲಿ ಉತ್ತರಕ್ಕೆ ಹೋದರೆ ಸೋಲ್ಕಾನ್ ಸೇತುವೆ ಸಿಗುತ್ತೆ: 85 ಮೀಟರ್ ಹರವಿನ ಒಂದೇ ಕಮಾನು, ಕಲ್ಲಿನ ರೈಲು ಸೇತುವೆಗಳಲ್ಲಿ ಪ್ರಪಂಚಕ್ಕೇ ದೊಡ್ಡದು. ರೈಲಿನ ತೊಂದರೆ ಏನೆಂದರೆ ದಿನಕ್ಕೆ ಇರುವ ಗಾಡಿಗಳೇ ಕಡಿಮೆ, ಶನಿವಾರ ಭಾನುವಾರ ಇನ್ನೂ ಕಡಿಮೆ. ಅದಲ್ಲದೆ ನಿಲ್ದಾಣ ಊರೊಳಗಿಲ್ಲ, ತಗ್ಗಿನಲ್ಲಿದೆ, ಅಲ್ಲಿಂದ ಏರು. ಆಟೋ, ಟ್ಯಾಕ್ಸಿ ನಿಂತಿರಲ್ಲ. ನೀನೊಬ್ಬನೇ ಆಗಿದ್ದರೆ ರೈಲೇ ಸರಿ ಅಂತಿದ್ದೆ. ಅಮ್ಮ ಜೊತೆಗಿರುವುದರಿಂದ ಕಾರು ತಗೋ.

ಟ್ರಿಯೆಸ್ತೆ ವಿಮಾನ ನಿಲ್ದಾಣಕ್ಕೆ ವೆನಿಸ್ ಕಡೆಯಿಂದ ನೇರ ರೈಲಿದೆ, ಇಳಿದು ಮೇಲ್ಸೇತುವೆಯಲ್ಲಿ ನಡೆದರೆ ಬಾಡಿಗೆ ಕಾರಿನ ಕೌಂಟರ್. ಊರಿಂದ ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೋ, ಒಂದು ವರ್ಷ ನಡೆಯುತ್ತೆ. ಜೊತೆಗೆ ಮೂಲ ಲೈಸೆನ್ಸೂ ಬೇಕು. ಕಾರನ್ನು ಸ್ಲೊವೇನಿಯಾಗೆ ಒಯ್ಯುತ್ತೇನೆ ಅಂತ ಬುಕ್ ಮಾಡುವಾಗಲೇ ಹೇಳು. ಹೇಳದೆ ಗಡಿ ದಾಟಿದರೆ ಆಚೆ ಏನಾದರೂ ಆದಾಗ ವಿಮೆ ಕೈಕೊಡಬಹುದು. ಸ್ಲೊವೇನಿಯಾದ ಮೋಟಾರುಮಾರ್ಗಗಳಲ್ಲಿ ಟೋಲ್ ಗೇಟ್ ಇಲ್ಲ, ಬದಲಿಗೆ ಕಾರಿನ ನಂಬರಿಗೆ ಇ-ವಿನ್ಯೆಟ್ ಎಂಬ ಡಿಜಿಟಲ್ ಟೋಲ್ ಪಾಸು ಆನ್‌ಲೈನಿನಲ್ಲೇ ಕೊಳ್ಳಬೇಕು. ವಾರದ್ದು ನಿನಗೆ ಸಾಕು. ಇಲ್ಲದೆ ಮೋಟಾರುಮಾರ್ಗ ಹತ್ತಿದರೆ ದಂಡ ನೂರಾರು ಯೂರೋ. ಟ್ರಿಯೆಸ್ತೆಯಿಂದ ಹಳ್ಳಿರಸ್ತೆ ಹಿಡಿದೇ ಹೋಗುವುದಾದರೆ ಅದೂ ಬೇಡ, ಆದರೆ ಮ್ಯಾಪು ಯಾವ ಗಳಿಗೆಯಲ್ಲಿ ಹೆದ್ದಾರಿಗೆ ತಿರುಗಿಸುತ್ತೋ ಹೇಳಕ್ಕಾಗಲ್ಲ. ಕೊಂಡುಬಿಡು. ಕಾರನ್ನು ಊರ ಹೊರಗೇ ನಿಲ್ಲಿಸು. ಮ್ಯಾಪು ಓಣಿಯೊಳಗೆ ಹೋಗು ಅಂದರೂ ಹೋಗಬೇಡ, ಒಳಗೆ ಸಿಕ್ಕಿಕೊಂಡರೆ ಹಿಂದಕ್ಕೆ ತೆಗೆಯುವುದೇ ಒಂದು ಸಾಹಸ.

ಈಗ ನೀರಿನ ವಿಷಯ. ಕ್ರಾಸ್ ನೆಲದ ಸುಣ್ಣಕಲ್ಲು ನೀರು ಹಿಡಿಯುವ ಕಲ್ಲಲ್ಲ. ಮಳೆ ಬಿದ್ದರೆ ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕರಗಿಸುತ್ತಾ ನೆಲದಡಿ ಹರಿಯುತ್ತೆ. ಗುಹೆಗಳಾಗಿರುವುದು ಹಾಗೆಯೇ. ಮೇಲೆ ಹೊಳೆಯಿಲ್ಲ, ಕೆರೆಯಿಲ್ಲ, ಬಾವಿ ತೋಡಿದರೆ ಒರತೆಯಿಲ್ಲ. ಇಂಥ ಜಾಗದಲ್ಲಿ, ಅದೂ ಗುಡ್ಡದ ಮೇಲೆ ಊರು ಕಟ್ಟಿದವರಿಗೆ ಇದ್ದ ನೀರು ಆಕಾಶದ್ದು ಮಾತ್ರ. ಹಾಗಾಗಿ ಇಲ್ಲಿ ಸೂರು ಅಂದರೆ ಮಳೆ ಹಿಡಿಯುವ ಮೊರ.

ಕ್ರಾಶ್ಕಾ ಹಿಷಾ ಅಂತ ಹಳೇ ಮನೆಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ, ಅಲ್ಲಿಂದ ಶುರುಮಾಡು. ಒಳಗೆ ಹೋಗುವ ಮುಂಚೆ ಹೊರಗೆ ನಿಂತು ಸೂರಿನಂಚು ನೋಡು. ಹೆಂಚಿಲ್ಲ, ಒಂದರ ಮೇಲೊಂದು ಹೊದಿಸಿದ ಸುಣ್ಣಕಲ್ಲಿನ ಚಪ್ಪಡಿ. ಅಂಚಿಗೆ ಗೋಡೆಯಿಂದ ಚಾಚಿದ ಕಲ್ಲಿನ ಕೈಗಳು, ಅವುಗಳ ಮೇಲೆ ಕೂತಿರುವುದು ಕಲ್ಲನ್ನೇ ಕೊರೆದು ಮಾಡಿದ ದಂಬೆ. ದಂಬೆ ಒಂದು ಕಡೆಗೆ ಚೂರೇ ಚೂರು ವಾಲಿರುತ್ತೆ, ಗಮನವಿಟ್ಟರೆ ಕಾಣುತ್ತೆ. ಅದರಿಂದ ನೀರು ಇಳಿಯುವುದು ನೆಲದಡಿಯ ತೊಟ್ಟಿಗೆ. ಊರಿನ ಅಂಗಳಗಳಲ್ಲಿ ಬಾವಿಕಟ್ಟೆಯಂತೆ ಕಾಣುವುದೆಲ್ಲ ಬಾವಿಯಲ್ಲ, ಇಂಥ ತೊಟ್ಟಿಯ ಬಾಯಿ. ಕಟ್ಟೆಗಳ ಒಳಅಂಚಿಗೆ ಬೆರಳು ಆಡಿಸಿದರೆ ಹಗ್ಗ ಉಜ್ಜಿ ಆದ ಗೀರುಗಳು ಸಿಕ್ಕಾವು.

ಚಪ್ಪಡಿಗೆ ಇನ್ನೊಂದು ಕಾರಣ ಬುರ್ಯಾ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಒಣ ಗಾಳಿಯ ಹೆಸರು ಅದು. ಒಂದೇ ಸಮನೆ ಬೀಸಲ್ಲ, ಗುದ್ದು ಗುದ್ದಾಗಿ ಬರುತ್ತೆ. ಪಕ್ಕದ ವಿಪಾವಾ ಕಣಿವೆಯಲ್ಲಿ ಗಂಟೆಗೆ 150 ಕಿಲೋಮೀಟರ್ ದಾಟುವುದುಂಟು. ಆ ದಿನಗಳಲ್ಲಿ ಕಣಿವೆಯ ಎಚ್4 ಹೆದ್ದಾರಿಯಲ್ಲಿ ಟಾರ್ಪಾಲಿನ ಲಾರಿಗಳನ್ನು ಬಿಡುವುದಿಲ್ಲ. ಕೆಳಗಿನ ಊರುಗಳಲ್ಲಿ ಹೆಂಚಿನ ಮೇಲೆ ಸಾಲಾಗಿ ಕಲ್ಲು ಹೇರಿರುವುದನ್ನು ನೋಡುತ್ತೀಯ, ಇದಕ್ಕೇ. ಷ್ಟಾನ್ಯೆಲ್‌ನ ಹಳೇ ಮನೆಗಳು ಗಾಳಿಗೆ ಬೆನ್ನು ತಿರುಗಿಸಿ ಕೂತಿವೆ: ಉತ್ತರಕ್ಕೆ ಕಿಟಕಿ ಇಲ್ಲ ಅಥವಾ ಒಂದು ಕಿಂಡಿ, ಬಾಗಿಲು ಅಂಗಳಗಳೆಲ್ಲ ಬಿಸಿಲಿನ ಕಡೆಗೆ.

ಇದೇ ಲೆಕ್ಕಾಚಾರವನ್ನು ಇಪ್ಪತ್ತನೇ ಶತಮಾನದಲ್ಲಿ ಉದ್ಯಾನವಾಗಿಸಿದವರು ಮ್ಯಾಕ್ಸ್ ಫಾಬಿಯಾನಿ. 1865ರಲ್ಲಿ ಪಕ್ಕದ ಕೊಬ್ದಿಲ್‌ನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಯುರೇನಿಯಾ ವೀಕ್ಷಣಾಲಯದಂಥ ಕಟ್ಟಡ ಕಟ್ಟಿ, 1895ರ ಭೂಕಂಪದ ನಂತರ ಈಗಿನ ರಾಜಧಾನಿ ಲ್ಯುಬ್ಲಿಯಾನಾಕ್ಕೆ ನಗರಯೋಜನೆ ಮಾಡಿಕೊಟ್ಟ ವಾಸ್ತುಶಿಲ್ಪಿ. ಅಂಥವರು ಕೊನೆಗೆ ಈ ಹಳ್ಳಿಗೇ ಮರಳಿ, 1935ರಿಂದ ಎರಡನೇ ಮಹಾಯುದ್ಧ ಮುಗಿಯುವವರೆಗೆ ಮೇಯರ್ ಆಗಿದ್ದರು. ಟ್ರಿಯೆಸ್ತೆಯ ವೈದ್ಯ ಎನ್ರಿಕೋ ಫೆರಾರಿಗೆ ಇಲ್ಲಿನ ಕೆಲವು ಹಳೇ ಮನೆಗಳನ್ನು ಒಂದಕ್ಕೊಂದು ಸೇರಿಸಿ ವಿಲ್ಲಾ ಮಾಡಿಕೊಟ್ಟರು, ಅದರ ಕೆಳಗೆ ಮೆಟ್ಟಿಲುಗಟ್ಟೆಗಳ ತೋಟ. ಮೇಲೆ ಸಂಗ್ರಹವಾದ ಮಳೆನೀರು ತನ್ನಷ್ಟಕ್ಕೆ ಇಳಿದು ಬರುವಂಥ ವ್ಯವಸ್ಥೆ. ನಡುವೆ ಮೊಟ್ಟೆಯಾಕಾರದ ಕೊಳ, ಕೊಳದೊಳಗೊಂದು ಪುಟ್ಟ ದ್ವೀಪ, ಅದಕ್ಕೆ ಕಲ್ಲಿನ ಕಿರುಸೇತುವೆ. ಎಲ್ಲರೂ ಆ ಸೇತುವೆಯ ಫೋಟೋ ತೆಗೀತಾರೆ. ಹನಿ ನೀರಿಗೂ ಲೆಕ್ಕ ಇಡುತ್ತಿದ್ದ ಊರಿನಲ್ಲಿ ಅಷ್ಟು ನೀರನ್ನು ಬರೀ ನೋಡಲಿಕ್ಕೆ ಅನ್ನುವ ಹಾಗೆ ತೆರೆದಿಟ್ಟದ್ದು ಎಂಥ ಧೈರ್ಯ ಅನ್ನುವುದು ಮೇಲಿನ ದಂಬೆಗಳನ್ನು ನೋಡಿ ಬಂದವನಿಗೆ ಮಾತ್ರ ತಿಳಿದೀತು. ಅದಕ್ಕೇ ಉದ್ಯಾನವನ್ನು ಕೊನೆಗಿಟ್ಟುಕೋ.

ಕೋಟೆಮನೆ ಕೊಬೆನ್ಸ್‌ಲ್ ಮನೆತನದ್ದು, ಎರಡನೇ ಮಹಾಯುದ್ಧದಲ್ಲಿ ಸುಟ್ಟು ಆಮೇಲೆ ದುರಸ್ತಿಯಾಗಿದೆ. ನಿಂಬೆಹಣ್ಣಿನಾಕಾರದ ಶಿಖರದ ಸಂತ ಡ್ಯಾನಿಯೆಲ್ ಚರ್ಚು ದೂರದಿಂದಲೇ ಗುರುತು ಸಿಗುತ್ತೆ. ಬಾಗಿಲು ಹಾಕಿದ್ದರೆ ಬೇಸರಪಡಬೇಡ, ನೋಡಬೇಕಾದ್ದು ಹೊರಗೇ ಇದೆ. ಊರಿನ ತಗ್ಗಿಗೆ ಮೊದಲ ಮಹಾಯುದ್ಧದ ಆಸ್ಟ್ರಿಯಾ-ಹಂಗೇರಿ ಸೈನಿಕರ ಸ್ಮಶಾನ. ಇಟಲಿಯ ಸೇನೆಯೊಂದಿಗೆ ಕಾದಾಡಿದ ಇಸೊಂಜೊ ನದಿಯ ರಣರಂಗದ ಹಿಂಬದಿಯ ಊರಿದು, ಗಾಯಾಳುಗಳನ್ನು ಇಲ್ಲಿಗೆ ಸಾಗಿಸುತ್ತಿದ್ದರು. ಸಂಜೆ ಕೊಬ್ದಿಲ್‌ವರೆಗೆ ಫಾಬಿಯಾನಿ ಹೆಸರಿನ ಕಾಲುದಾರಿಯಲ್ಲಿ ನಡೆಯಬಹುದು, ಅಮ್ಮನಿಗೂ ಆಗುವಷ್ಟೇ ದೂರ.

ದಾರಿ ಬಿಟ್ಟು ಪೊದೆಗೆ ನುಗ್ಗಬೇಡ, ಇದಕ್ಕೆ ಮೂರು ಕಾರಣ. ಉಣ್ಣಿ: ಸ್ಲೊವೇನಿಯಾದಲ್ಲಿ ಉಣ್ಣಿಯಿಂದ ಲೈಮ್ ರೋಗವೂ ಮಿದುಳಿನ ಉರಿಯೂತವೂ ಬರುತ್ತೆ. ಉದ್ದ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸೇರಿಸು, ರಾತ್ರಿ ಮಂಡಿಸಂದು, ಸೊಂಟದ ಸುತ್ತ ನೋಡಿಕೋ. ಹಾವು: ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳ ಸಂದಿಯಲ್ಲಿ ಮೋದ್ರಾಸ್ ಎಂಬ, ಮೂಗಿನ ಮೇಲೆ ಕೊಂಬಿರುವ ವಿಷದ ಹಾವು ಬಿಸಿಲು ಕಾಯುತ್ತಿರುತ್ತೆ, ಗೋಡೆ ಹತ್ತುವುದು, ಸಂದಿಗೆ ಕೈ ಹಾಕುವುದು ಬೇಡ. ಮೂರನೆಯದು ಸಿಡಿಯದೆ ಉಳಿದ ನೂರು ವರ್ಷ ಹಳೆಯ ಷೆಲ್ಲುಗಳು. ಇವು ಷ್ಟಾನ್ಯೆಲ್‌ಗಿಂತ ಪಶ್ಚಿಮಕ್ಕೆ, ಹಳೇ ರಣರಂಗದ ಕಡೆ ಜಾಸ್ತಿ. 2022ರ ಜುಲೈನಲ್ಲಿ ಅಲ್ಲಿ 3,500 ಹೆಕ್ಟೇರ್‌ಗೂ ಹೆಚ್ಚು ಕಾಡು ಸುಟ್ಟಾಗ ಬೆಂಕಿಯ ಬಿಸಿಗೆ ಇವು ಸಿಡಿಯುತ್ತಿದ್ದುದರಿಂದ ಅಗ್ನಿಶಾಮಕದವರಿಗೆ ಒಳಗೆ ಹೋಗುವುದೇ ಕಷ್ಟವಾಗಿತ್ತು.

ಊಟದ್ದು ಅಮ್ಮನಿಗೆ ಸ್ವಲ್ಪ ಫಜೀತಿ. ಈ ಸೀಮೆಯ ಹೆಮ್ಮೆ ಪ್ರ್ಷುತ್, ಅಂದರೆ ಉಪ್ಪು ಸವರಿ ಬುರ್ಯಾ ಗಾಳಿಗೆ ಒಣಗಿಸಿದ ಹಂದಿ ತೊಡೆ. ಯೋತಾ ಅಂತ ಹುಳಿ ಎಲೆಕೋಸು, ಬೀನ್ಸ್ ಕಾಳು, ಆಲೂಗಡ್ಡೆಯ ಸಾರಿದೆ. ಹೆಸರು ಕೇಳಿ ಸಸ್ಯಾಹಾರ ಅಂದುಕೊಳ್ಳಬೇಡ, ಹೊಗೆ ಕೊಟ್ಟ ಹಂದಿಮಾಂಸ ಹಾಕುವುದೇ ವಾಡಿಕೆ. "ಬ್ರೆಜ್ ಮೆಸಾ" ಅಂದರೆ ಮಾಂಸವಿಲ್ಲದ್ದು ಕೊಡ್ತಾರೆ, ಆದರೆ ಮಾಂಸದ ನೀರು, ಹಂದಿ ಕೊಬ್ಬು ಅವರ ಲೆಕ್ಕದಲ್ಲಿ ಮಾಂಸವಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಮೊಟ್ಟೆ ತಿನ್ನುವುದಾದರೆ ಸೊಪ್ಪು ಹಾಕಿದ ಫ್ರ್ತಾಲ್ಯಾ ಆಮ್ಲೆಟ್ ಚೆನ್ನಾಗಿರುತ್ತೆ. ಅಡುಗೆಮನೆ ಇರುವ ಕೋಣೆ ಹಿಡಿದು ಅಕ್ಕಿ, ಸಾರಿನ ಪುಡಿ ಒಯ್ದರೆ ಯಾರ ಹಂಗೂ ಇಲ್ಲ. ತರಕಾರಿ ಹಾಲು ಶನಿವಾರವೇ ಸೆಜಾನಾದಲ್ಲಿ ತಗೋ, ಭಾನುವಾರ ಅಂಗಡಿಗಳನ್ನು ಮುಚ್ಚಬೇಕು ಅಂತ 2020ರಿಂದ ಕಾನೂನಿದೆ. ಪೆಟ್ರೋಲ್ ಬಂಕಿನಲ್ಲಿ ಬ್ರೆಡ್ಡು ಸಿಕ್ಕರೆ ಪುಣ್ಯ. ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ.

ನಿನಗೆ ಬೇಕಾದ್ದು ಓಸ್ಮಿತ್ಸಾ. ರೈತರು ತಮ್ಮದೇ ವೈನು, ತಮ್ಮದೇ ತಿನಿಸನ್ನು ವರ್ಷದ ಕೆಲವೇ ದಿನ ಮನೆಯಂಗಳದಲ್ಲಿ ಮಾರುವ ಪದ್ಧತಿ. ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕಾಲದ ಎಂಟು ದಿನದ ಅನುಮತಿಯಿಂದ ಬಂದದ್ದು. ಬೋರ್ಡು ಹುಡುಕಬೇಡ, ರಸ್ತೆ ಕೂಡುವಲ್ಲಿ ಐವಿ ಬಳ್ಳಿಯ ಗೊಂಚಲು ಕಟ್ಟಿ ಬಾಣದ ಗುರುತು ಹಾಕಿರ್ತಾರೆ, ಅದನ್ನು ಹಿಡಿದು ಹೋಗು. ನಗದು ಇಟ್ಟುಕೊಂಡಿರು. ಕೊಡುವುದು ತೆರಾನ್: ಕೆಂಪುಮಣ್ಣಿನಲ್ಲಿ ಬೆಳೆದ ರೆಫೋಷ್ಕ್ ದ್ರಾಕ್ಷಿಯ ಕಪ್ಪುಗೆಂಪು ವೈನು, ಮೊದಲ ಗುಟುಕಿಗೆ ಹುಳಿ ಜುಮ್ಮೆನ್ನುತ್ತೆ. ಕಾರು ಓಡಿಸುವವನು ಕುಡಿಯಬಾರದು ಅಂತ ನಿನಗೆ ಹೇಳಬೇಕಾಗಿಲ್ಲ, ಹಾಗಾಗಿ ನಡೆದು ಹೋಗುವಷ್ಟು ಹತ್ತಿರದ್ದು ಹುಡುಕಿಕೋ.

ಕಾಲ ಕೇಳಿದ್ದೆಯಲ್ಲ, ಅಕ್ಟೋಬರ್ ಕೊನೆ. ರುಯ್ ಪೊದೆಗಳು ಕೆಂಪಾಗಿರುತ್ತವೆ, ಬಿಸಿಲಿಗೆ ಸುಡುವ ಗುಣವಿರಲ್ಲ. ಮ್ಯೂಸಿಯಂ ತೆರೆಯುವ ದಿನಗಳು ಚಳಿಗಾಲಕ್ಕೆ ಕಡಿಮೆಯಾಗುತ್ತವೆ, ಹೋಗುವ ಮುನ್ನ ನೋಡಿಕೋ, ಸೋಮವಾರವನ್ನಂತೂ ನಂಬಬೇಡ. ಮಳೆ ಬಿದ್ದರೆ ಓಣಿಯ ಕಲ್ಲು ಸವೆದು ನುಣುಪಾಗಿರುವುದರಿಂದ ಜಾರುತ್ತೆ. ಅಮ್ಮನಿಗೆ ಚಪ್ಪಲಿ ಬೇಡ, ರಬ್ಬರ್ ಅಟ್ಟೆಯ ಷೂ ಕೊಡಿಸು. ಹಾಗಂತ ಮಳೆ ಬಂದರೆ ಕೋಣೆಯಲ್ಲೇ ಕೂರಬೇಡ, ದಂಬೆಗಳು ಕೆಲಸ ಮಾಡುವುದನ್ನು ನೋಡಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ.

ತೆರಾನ್ ತರುವುದಾದರೆ ಒಬ್ಬರಿಗೆ ಎರಡು ಲೀಟರ್‌ವರೆಗೆ ಸುಂಕವಿಲ್ಲ. ಬಟ್ಟೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿಗೆ ಹಾಕು. ವೀಸಾ ತಾರೀಕು ಗೊತ್ತಾದ ಕೂಡಲೇ ತಿಳಿಸು.

ಇಂತಿ
ನಿನ್ನ ಗೆಳೆಯ